ಆರ್ವೆಡ್ ಕಡೆಯ ಬಾಗಿಲು

ಫೆಬ್ರವರಿ 3, ಬುಧವಾರ

ವ್ಯಾನಿನ ಬಾಗಿಲನ್ನು ಹಗ್ಗದಲ್ಲಿ ಕಟ್ಟಿಕೊಂಡು ಬಂದಿದ್ದಾನೆ, ನನ್ನ ಗಂಡ ಆರ್ವೆಡ್ ಮಹಾರಾಯ! ಬೆಳಿಗ್ಗೆ ಹೋಗುವಾಗ ಬಾಗಿಲು ಬಾಗಿಲಿನ ಹಾಗೇ ಇತ್ತು. ಸಂಜೆ ಬಂದಾಗ ಅವನು ಕೂತು ಓಡಿಸುವ ಎಡಗಡೆಯದು ಪೆಟ್ಟು ತಿಂದ ಕೋಳಿಯ ರೆಕ್ಕೆಯಂತೆ ಜೋತುಬಿದ್ದಿತ್ತು. ಇಳಿದವನ ಮುಖದಲ್ಲಿ ನಗು ಬೇರೆ.

"ಬಾಗಿಲು ತಾನೇ ಹಿಲ್ಯಾ. ನನ್ನ ಕೈಕಾಲು ನೆಟ್ಟಗಿದೆಯಲ್ಲ."

ಮೈ ಉರಿದುಹೋಯಿತು. ಇನ್ನು ನಿನ್ನ ಹತ್ತಿರ ಮಾತಾಡುವುದಿಲ್ಲ ಅಂದೆ. ಮಾತಾಡಿಯೂ ಇಲ್ಲ. ಹೊಟ್ಟೆಯಲ್ಲಿರುವುದನ್ನು ಎಲ್ಲಾದರೂ ಇಳಿಸಬೇಕಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಆದದ್ದು ಇಷ್ಟು. ಕಡಲು ಹೆಪ್ಪುಗಟ್ಟಿ ಹಡಗು ನಿಂತಾಗಿನಿಂದ ನಮ್ಮ ದ್ವೀಪಕ್ಕೆ ಟಪಾಲು, ಹಿಟ್ಟು, ಔಷಧಿ ಎಲ್ಲ ಬರುವುದು ಆರ್ವೆಡ್‌ನ ವ್ಯಾನಿನಲ್ಲಿ, ಮಂಜುಗಡ್ಡೆಯ ಮೇಲೆ. ಬೇರೆಯವರ ಕಾರುಗಳು ಗಡ್ಡೆ ಉಬ್ಬಿ ಎದ್ದ ಏಣುಗಳ ಮೇಲೆ ಹೊಟ್ಟೆ ಕೂತು ನಿಂತುಬಿಡುತ್ತವೆ. ಈ ಮುದಿ ರಷ್ಯನ್ ಗಾಡಿಯೊಂದೇ ಹತ್ತಿ ಇಳಿದು ಹೋಗುತ್ತದೆ. ಗಡ್ಡೆಯ ಮೇಲೆ ನಮ್ಮವರು ಯಾರೂ ಸೀಟುಬೆಲ್ಟು ಕಟ್ಟುವುದಿಲ್ಲ, ಬಾಗಿಲನ್ನು ಪೂರ್ತಿ ಹಾಕುವುದೂ ಇಲ್ಲ. ಮೊಣಕಾಲಿನಿಂದ ಅರೆ ತೆರೆದು ಹಿಡಿದುಕೊಂಡೇ ಓಡಿಸುತ್ತಾರೆ. ಕೆಳಗೆ ಬಿರಿಯಿತೋ, ಹಾರಿಬಿಡಬೇಕು. ಇವತ್ತು ಹಿಂದಿನ ಚಕ್ರ ಬಿರುಕಿಗೆ ಇಳಿದಿದೆ, ಗಾಡಿ ವಾಲಿದೆ, ತೆರೆದಿದ್ದ ಬಾಗಿಲು ಎದ್ದು ನಿಂತ ಗಡ್ಡೆಯ ಅಂಚಿಗೆ ಸಿಕ್ಕಿ ಮುಂದಕ್ಕೆ ಮಡಚಿಕೊಂಡಿದೆ. ಕೀಲು ಕೂರುವ ಕಂಬ ಬುಡದ ತನಕ ತಿರುಚಿ ಹೋಗಿದೆ. ಈಗ ಆ ಬಾಗಿಲು ಹಾಕಿದರೆ ತೆರೆಯುವುದಿಲ್ಲ, ತೆರೆದರೆ ಹಾಕಲಾಗುವುದಿಲ್ಲ.

ಅವನ ಎಡಗಾಲಿನ ಪ್ಯಾಂಟು ಮೊಣಕಾಲಿನವರೆಗೆ ನೀರು ಕುಡಿದು, ಹೆಪ್ಪುಗಟ್ಟಿ, ತಗಡಿನಂತಾಗಿತ್ತು.

ಮೀನುಗಾರರ ಸಾಮೂಹಿಕ ಸಂಘದ ವರ್ಕ್‌ಶಾಪಿನಲ್ಲಿ ಅರ್ಧ ಆಯಸ್ಸು ಟಿಂಕರಿಂಗ್ ಮಾಡಿದವಳು ನಾನು. ಸಂಘ ಮುಚ್ಚಿಹೋಯಿತು, ಶೆಡ್ಡು ಮತ್ತು ವೆಲ್ಡಿಂಗ್ ಮಷೀನು ನನ್ನ ಪಾಲಿಗೆ ಉಳಿದವು. ಇಂಥ ಕಂಬ ಎಷ್ಟು ನೋಡಿಲ್ಲ. ಶನಿವಾರಕ್ಕೆ ಮುಗಿಸಿ ಬಿಸಾಕುತ್ತೇನೆ.

ಫೆಬ್ರವರಿ 5, ಶುಕ್ರವಾರ

ಬಾಗಿಲು ಬಿಚ್ಚಿ ಗೋಡೆಗೆ ಒರಗಿಸಿದೆ. ಕಂಬದ ಹೊರಗಿನ ತಗಡು ಕೆರೆದು ನೋಡಿದರೆ ಒಳಗೆ ಉಪ್ಪು ತಿಂದು ತಿಂದು ಹಪ್ಪಳವಾಗಿದೆ. ಯಾರೋ ಹಿಂದೆ ಪುಟ್ಟಿ ಮೆತ್ತಿ ಬಣ್ಣ ಬಳಿದು ಕೈತೊಳೆದುಕೊಂಡಿದ್ದಾರೆ. ಬಯ್ಯೋಣವೆಂದರೆ ಯಾರೆಂದು ಗೊತ್ತಿಲ್ಲ.

ಅಂಗಡಿಯ ವೈಕೆ ಬಂದಿದ್ದಳು. ಬಾಗಿಲಿಲ್ಲದ ಗಾಡಿಯೊಳಗೆ ತಲೆ ಹಾಕಿ ನೋಡಿದಳು.

"ಯಾವಾಗ್ ಆಗುತ್ತೆ ಹಿಲ್ಯಾ? ಯೀಸ್ಟ್ ಮುಗೀತು, ಹಿಟ್ಟು ತಳ ಕಂಡಿದೆ. ನನ್ನ ಅಂಗಡೀಲಿ ಈಗ ಉಳಿದಿರೋದು ಸಾಸಿವೆ ಡಬ್ಬಿ ಮತ್ತೆ ನಾನು."

"ನಿನ್ನ ಯಾರೂ ಕೊಂಡ್ಕೊಳಲ್ಲ ಬಿಡು."

"ಕೊಂಡ್ಕೊಂಡವ್ನು ವಾಪಸ್ ತಂದು ಬಿಟ್ಟಿದಾನೆ, ಆ ಕಥೆ ಬೇರೆ. ತಮಾಷೆ ಸಾಕು, ಸಾಲ್ಮೆ ಅಜ್ಜಿ ಹಾರ್ಟಿನ ಮಾತ್ರೆ ಇನ್ನೊಂದು ವಾರಕ್ಕಿದೆಯಂತೆ."

ಶನಿವಾರ ಆಗುತ್ತೆ ಅಂದೆ. ಆಗುತ್ತೆ.

ಆರ್ವೆಡ್ ಜೊತೆ ಮಾತಿಲ್ಲ. ಊಟಕ್ಕೆ ಕೂತಾಗ ನಾಯಿಗೆ ಹೇಳುತ್ತಾನೆ: "ಪೊಂಟು, ಉಪ್ಪು ಕೊಡೋಕೆ ಹೇಳು ಆಯಮ್ಮಂಗೆ." ನಾನು ಉಪ್ಪನ್ನು ನಾಯಿಯ ಮುಂದೆ ಇಟ್ಟೆ.

ಫೆಬ್ರವರಿ 8, ಸೋಮವಾರ

ಶನಿವಾರ ಆಗಲಿಲ್ಲ. ತುಕ್ಕು ಅಂದುಕೊಂಡದ್ದಕ್ಕಿಂತ ಕೆಳಗಿದೆ. ಅರ್ಧಂಬರ್ಧ ಮಾಡಿ ಕೊಡುವವಳಲ್ಲ ನಾನು.

ಪ್ರೀಡು ಬಂದು ಹೋದ. ಗಡ್ಡೆಗೆ ತೂತು ಕೊರೆದು ದಪ್ಪ ಅಳೆಯುವವನು ಅವನೇ, ಜೂನಿಪರ್ ಗಿಡದ ರೆಂಬೆ ನೆಟ್ಟು ದಾರಿ ಗುರುತು ಮಾಡುವವನೂ ಅವನೇ. ಗಾಡಿ ಇಳಿದಿದ್ದ ಪೂರ್ವದ ಬಿರುಕನ್ನು ತಪ್ಪಿಸಿ ಹೊಸ ದಾರಿ ಹಾಕಿದ್ದಾನಂತೆ. ಗಡ್ಡೆ ಇಷ್ಟು ಚೆನ್ನಾಗಿ ಕಟ್ಟಿದ್ದನ್ನು ಎಷ್ಟೋ ವರ್ಷದಿಂದ ಕಂಡಿರಲಿಲ್ಲವೆಂದು ಆರ್ವೆಡ್‌ಗೆ ಹೇಳುತ್ತಿದ್ದ. ಇಬ್ಬರೂ ಚಿಕ್ಕ ಹುಡುಗರ ಹಾಗೆ ಕುಣಿಯುವುದೊಂದು ಬಾಕಿ. ನನಗೆ ಗ್ರೈಂಡರ್ ಸದ್ದಿನಲ್ಲಿ ಏನೂ ಕೇಳಿಸಲಿಲ್ಲ ಅಂದುಕೊಂಡಿರಬೇಕು.

ಫೆಬ್ರವರಿ 10, ಬುಧವಾರ

ಹೊಸ ತಗಡು ಬಗ್ಗಿಸಿ ಕಂಬದ ಮೇಲ್ಭಾಗ ಬೆಸೆದೆ. ಬಾಗಿಲು ತೂಗಿಹಾಕಿ ನೋಡಿದೆ. ಮೇಲೆ ಸಂದು ಸರಿ, ಕೆಳಗೆ ಎರಡು ಕೂದಲೆಳೆಯಷ್ಟು ಹೆಚ್ಚು. ಆರ್ವೆಡ್ ಹಿಂದೆ ಬಂದು ನಿಂತಿದ್ದ. ಹಿಡಿಕೆ ಎಳೆದ, ಬಾಗಿಲು ತೆರೆಯಿತು. ಹಾಕಿದ, ಹಾಕಿಕೊಂಡಿತು. ನಾಯಿಗೆ ಹೇಳಿದ:

"ಪೊಂಟು, ಇಷ್ಟು ಸಾಕಲ್ವೇನೋ? ಪ್ಯಾರಿಸ್ಸಿಗೆ ಹೋಗ್ತಿಲ್ಲ, ಪೋಸ್ಟಾಫೀಸಿಗೆ ಹೋಗ್ತಿರೋದು."

ನಾನು ಗ್ರೈಂಡರ್ ಎತ್ತಿಕೊಂಡು ಆ ಬೆಸುಗೆಯನ್ನೆಲ್ಲ ಕತ್ತರಿಸಿ ತೆಗೆದೆ. ಗಾಡಿ ವಾಲಿದಾಗ ಆ ಎರಡು ಕೂದಲೆಳೆಯೇ ಬಾಗಿಲನ್ನು ಕಚ್ಚಿ ಹಿಡಿಯುತ್ತದೆ. ಅದು ಅವನಿಗೆ ಏನು ಗೊತ್ತು. ಅವನು ಹೋಗಿ ಸೌದೆ ಒಡೆದ. ಬೇಕಾದದ್ದಕ್ಕಿಂತ ತುಂಬ ಜಾಸ್ತಿ ಒಡೆದ.

ಫೆಬ್ರವರಿ 11, ಗುರುವಾರ

ಇದನ್ನು ಬರೆಯಲೂ ನಾಚಿಕೆ.

ಕಂಬದ ಬುಡ ಕತ್ತರಿಸುವ ಮೊದಲು ಬಾಗಿಲ ಬಾಯಿಗೆ ಅಡ್ಡ ಸಲಾಕೆ ಬೆಸೆಯಬೇಕು. ಇಲ್ಲದಿದ್ದರೆ ಮೇಲಿನ ಭಾರಕ್ಕೆ ಬಾಯಿ ಕುಗ್ಗಿಬಿಡುತ್ತದೆ, ಆಮೇಲೆ ಯಾವ ಬಾಗಿಲೂ ಅದರಲ್ಲಿ ಕೂರುವುದಿಲ್ಲ. ಇದು ಕೆಲಸಕ್ಕೆ ಸೇರಿದ ಮೊದಲ ವಾರದಲ್ಲಿ ಕಲಿಯುವ ಪಾಠ. ಇವತ್ತು ಸಲಾಕೆ ಹಾಕದೆಯೇ ಬುಡ ಕತ್ತರಿಸಿದೆ. ಟಕ್ ಎಂದು ಸದ್ದಾಯಿತು. ಅಳತೆ ಹಿಡಿದರೆ ಬಾಯಿ ಒಂದು ಬೆರಳಗಲ ಕುಗ್ಗಿದೆ.

ಚಳಿಗೆ ತಲೆ ಓಡುತ್ತಿಲ್ಲ. ಶೆಡ್ಡಿನ ದೀಪವೂ ಮಂಕು. ಈಗ ಎಲ್ಲವನ್ನೂ ಮೊದಲಿನಿಂದ ಮಾಡಬೇಕು, ಇನ್ನೊಂದು ವಾರವಾದರೂ ಬೇಕು. ಬುಡಕ್ಕೆ ನಾಲ್ಕು ಚುಕ್ಕಿ ಬೆಸುಗೆ ಹಾಕಿ ನಿಲ್ಲಿಸಿ ಮನೆಗೆ ಬಂದೆ. ವಿಚಿತ್ರವೆಂದರೆ, ಚೆನ್ನಾಗಿ ಹಸಿವಾಗಿತ್ತು. ಎರಡು ತಟ್ಟೆ ಆಲೂಗಡ್ಡೆ ತಿಂದೆ.

ಫೆಬ್ರವರಿ 12, ಶುಕ್ರವಾರ

ಇವತ್ತು ನಾಯಿಯ ಮಧ್ಯಸ್ಥಿಕೆ ಮುಗಿಯಿತು. ನೇರವಾಗಿಯೇ ಬಿತ್ತು ಜಗಳ.

ಶೆಡ್ಡಿಗೆ ಬಂದು ಬಾಗಿಲ ಬಾಯಿಯನ್ನು ನೋಡಿದ. ಬಗ್ಗಿ ಬುಡ ನೋಡಿದ. ಟೋಪಿ ತೆಗೆದ.

"ಸಲಾಕೆ ಹಾಕ್ದೆ ಕತ್ತರಿಸಿದೀಯ."

"ಮರೆತುಹೋಯ್ತು."

"ಯಾರಿಗೆ? ನಿನಗಾ? ಸಲಾಕೆ ಹಾಕ್ದೆ ಕತ್ತರಿಸ್ದ ಅಂತ ಸಂಘದಲ್ಲಿ ಒಬ್ಬ ಗಂಡಸನ್ನ ಸುತ್ತಿಗೆ ಹಿಡ್ಕೊಂಡು ಗೇಟಿನ್ ತನಕ ಅಟ್ಟಿಸ್ಕೊಂಡು ಹೋದೋಳು ನೀನು. ಅವ್ನು ಇವತ್ತಿಗೂ ನಿನ್ನ ಕಂಡ್ರೆ ದಾರಿ ಬಿಡ್ತಾನೆ."

"ಚಳಿ. ಬೆಳಕಿಲ್ಲ. ಬೇಕಿದ್ರೆ ನೀನೇ ಮಾಡ್ಕೋ."

"ಹಿಲ್ಯಾ, ಇದು ರಿಪೇರಿ ಅಲ್ಲ ಕಣೇ. ನನ್ನ ಮನೇಲಿ ಕಟ್ಟಿಹಾಕೋಕೆ ನೋಡ್ತಿದೀಯ ನೀನು."

"ನಿನ್ನ ಕಟ್ಟಿಹಾಕಿ ನನಗೇನ್ ಆಗ್ಬೇಕು? ಹಾಲು ಕೊಡ್ತೀಯಾ?"

"ಹಾಗಿದ್ರೆ ಮುಗ್ಸು. ಅಜ್ಜಿ ಮಾತ್ರೆ ಇವತ್ತಿಗೆ ಖಾಲಿ. ನೀನು ಮುಗಿಸ್ದಿದ್ರೂ ನಾಳೆ ನಾನು ಹೋಗೋನೇ."

"ಬಾಗಿಲಿಲ್ದೆ ಹೋಗ್ತೀಯಾ?"

"ಹೌದು, ಬಾಗಿಲಿಲ್ದೆ."

ಎಂಥ ಮಾತು ಆಡಿದ! ಕಟ್ಟಿಹಾಕುವುದಂತೆ! ಕೆಟ್ಟ ಕೆಲಸ ಮಾಡಲು ನನಗೆ ಕೈ ಬರುವುದಿಲ್ಲ, ಅಷ್ಟೇ. ಈ ದ್ವೀಪದಲ್ಲಿ ನನ್ನ ಕೈಯ ಬೆಸುಗೆ ಬಿಟ್ಟುಕೊಂಡದ್ದು ಒಂದಿದ್ದರೆ ತೋರಿಸಲಿ. ಬಾಗಿಲಿಲ್ಲದೆ ಹೋಗುತ್ತಾನಂತೆ, ಹೋಗಲಿ ನೋಡೋಣ. ಬರೀ ಬಾಯಿಮಾತು.

ಫೆಬ್ರವರಿ 13, ಶನಿವಾರ

ಹೋದ.

ಸೊನ್ನೆಗಿಂತ ಹದಿನೆಂಟು ಡಿಗ್ರಿ ಕೆಳಗೆ. ಕುರಿಚರ್ಮದ ಕೋಟು, ಅದರ ಮೇಲೆ ನನ್ನ ಶಾಲು, ಕಿವಿಗೆ ಟೋಪಿ ಎಳೆದು ಕಟ್ಟಿಕೊಂಡಿದ್ದ. ಆ ಗಾಡಿಗೆ ಕೆಳಗೆ ಗಟ್ಟಿ ಚಾಸಿಸ್ ಇದೆ, ಕಂಬ ಅರ್ಧ ಇಲ್ಲದಿದ್ದರೂ ಓಡುತ್ತದೆ, ಅದು ನನಗೂ ಗೊತ್ತು. ನಾನು ಹಾಲು ಕರೆದು ಬರುವಷ್ಟರಲ್ಲಿ ದಡ ಇಳಿದುಬಿಟ್ಟಿದ್ದ. ಓಡಿದೆ. ಕೂಗಿದೆ. ಗಾಳಿ ಅವನ ಕಡೆಯಿಂದ ನನ್ನ ಕಡೆಗಿತ್ತು.

ಗಾಡಿ ರೆಂಬೆಗಳ ಸಾಲಿನಲ್ಲಿ ಚಿಕ್ಕದಾಗುತ್ತಾ ಹೋಯಿತು. ಆಮೇಲೆ ಕಾಣಲಿಲ್ಲ. ಗಡ್ಡೆ ಚಳಿಗೆ ನರಳುವುದು ಎಲ್ಲರಿಗೂ ಗೊತ್ತಿರುವುದೇ. ನರಳುವ ಗಡ್ಡೆ ಗಟ್ಟಿ ಗಡ್ಡೆ ಎಂದು ಚಿಕ್ಕಂದಿನಿಂದ ಕೇಳಿದ್ದೇನೆ. ಇವತ್ತು ಒಂದೊಂದು ಸದ್ದಿಗೂ ಆ ಮಾತು ಸುಳ್ಳೆನಿಸುತ್ತಿತ್ತು. ವೈಕೆ ಬಿಸಿ ಟೀ ತಂದಳು.

"ಒಳಗೆ ಬಾರೇ. ನೀನಿಲ್ಲಿ ನಿಂತ್ರೆ ಗಡ್ಡೆ ದಪ್ಪ ಆಗುತ್ತಾ?"

"ನೀನು ಹೋಗು. ನಾನು ಹಾಗೇ ನಿಂತಿದೀನಿ, ಗಾಳಿಗೆ."

"ಈ ಗಾಳಿಗಾ? ಸರಿ ಬಿಡು" ಅಂದಳು. ಹೋಗಲಿಲ್ಲ, ನನ್ನ ಪಕ್ಕದಲ್ಲೇ ಮೂಗು ಸೊರಸೊರ ಮಾಡುತ್ತಾ ನಿಂತಳು. ಒಳ್ಳೆಯವಳು, ಬಾಯಿ ಮಾತ್ರ ಸರಿಯಿಲ್ಲ.

ಹೊತ್ತು ಇಳಿಯುವ ಹೊತ್ತಿಗೆ ಬಂದ. ಹುಬ್ಬು, ಮೀಸೆ ಎಲ್ಲ ಬೆಳ್ಳಗೆ. ಹೋದ ಜೀವ ಬಂದಂತಾಯಿತು, ಬಂದ ತಕ್ಷಣ ಕೋಪವೂ ಬಂತು. ಕೈಯಲ್ಲಿದ್ದ ಉಣ್ಣೆಯ ಕೈಗವಸಿನಿಂದಲೇ ಅವನ ಭುಜಕ್ಕೆ ಬಾರಿಸಿದೆ.

"ಬಾಗಿಲಿಲ್ದೆ ಇದ್ರೇನೇ ಒಳ್ಳೇದು ಕಣೇ," ಅಂದ, ಚಳಿಗೆ ತುಟಿ ಸೆಟೆದಿತ್ತು ಪಾಪ. "ತೆರೆಯೋ ಕೆಲ್ಸಾನೇ ಇಲ್ಲ."

ಮಾತ್ರೆ ತಂದಿದ್ದ, ಹಿಟ್ಟು ತಂದಿದ್ದ. ಒಳಗೆ ಬಂದು ಕೈಗವಸು ತೆಗೆದರೆ ಎಡಗೈಯ ಎರಡು ಬೆರಳು ಮೇಣದ ಬಣ್ಣಕ್ಕೆ ತಿರುಗಿದ್ದವು. ಗಾಳಿ ಹೊಡೆದ ಕಡೆಯ ಕೈ. ಆ ಕೈಯನ್ನು ನನ್ನ ಕಂಕುಳಲ್ಲಿ ಒತ್ತಿಟ್ಟುಕೊಂಡು ಒಲೆಯ ಮುಂದೆ ಕೂತೆ. ಬಣ್ಣ ಮರಳುವಾಗ ನೋವಿಗೆ ಅವನ ಕಣ್ಣಲ್ಲಿ ನೀರು ಬಂತು. ನನ್ನ ಕಣ್ಣಲ್ಲೂ ಬಂತು, ಹೊಗೆ ಇತ್ತು.

ಬಾಗಿಲಿದ್ದಿದ್ದರೆ ಗಾಳಿ ಇಷ್ಟು ಹೊಡೆಯುತ್ತಿರಲಿಲ್ಲ.

ಫೆಬ್ರವರಿ 14, ಭಾನುವಾರ

ಬೆಳಕಾಗುತ್ತಲೇ ಶೆಡ್ಡಿಗೆ ಹೋದೆ. ಬಾಗಿಲ ಬಾಯಿಗೆ ಜ್ಯಾಕ್ ಕೊಟ್ಟು ಇಷ್ಟಿಷ್ಟೇ ಅಗಲಿಸಿ, ಅಳತೆ ಬಂದ ಕೂಡಲೇ ಅಡ್ಡ ಸಲಾಕೆ ಬೆಸೆದೆ. ಬಾಗಿಲನ್ನು ಮೊದಲು ಅದರ ಜಾಗದಲ್ಲಿ ಕೂರಿಸಿ, ಸುತ್ತ ಸಂದಿಗೆ ಮರದ ಚಕ್ಕೆ ಕೊಟ್ಟು, ಬಾಗಿಲಿಗೆ ತಕ್ಕಂತೆ ಕಂಬವನ್ನು ಬೆಸೆದೆ. ಸರಿಯಾದ ಕ್ರಮ ಅದೇ. ಕೀಲಿಗೆ ಹೊಸ ಪಿನ್ನು ಹಾಕಿದೆ. ಆಮೇಲೆ ಸಲಾಕೆ ಕತ್ತರಿಸಿದೆ, ಕಂಬ ಅಲುಗಲಿಲ್ಲ.

ಒಂದೇ ದಿನದಲ್ಲಿ ಮುಗಿಯಿತು. ತುಕ್ಕು ಮೊದಲೇ ತೆಗೆದಿದ್ದರಿಂದ ಸುಲಭವಾಯಿತು.

ಫೆಬ್ರವರಿ 16, ಮಂಗಳವಾರ

ಇವತ್ತು ಈಸ್ಟರ್ ಉಪವಾಸಕ್ಕೆ ಮೊದಲಿನ ಹಬ್ಬ. ಇಡೀ ಊರು ಗುಡ್ಡದ ಹಿಮದ ಮೇಲೆ ಜಾರುಬಂಡಿ ಆಡುತ್ತಿತ್ತು. ನಾನು ಬಟಾಣಿ ಸೂಪಿಗೆ ಹಂದಿಕಾಲು ಹಾಕಿ ಒಲೆಯ ಮೇಲಿಟ್ಟು, ಆರ್ವೆಡ್‌ನನ್ನು ಶೆಡ್ಡಿಗೆ ಎಳೆದುಕೊಂಡು ಹೋದೆ.

ಹಿಂದಿನ ಚಕ್ರದ ಕೆಳಗೆ ಜ್ಯಾಕ್ ಇಟ್ಟು ಗಾಡಿಯ ಒಂದು ಮೂಲೆ ಎತ್ತಿದೆ. ಬಿರುಕಿಗೆ ಇಳಿದಾಗ ಹೇಗೆ ತಿರುಚುತ್ತದೋ ಹಾಗೆ. ಅವನನ್ನು ಒಳಗೆ ಕೂರಿಸಿದೆ.

"ಹೊರಗೆ!" ಎಂದು ಕೂಗಿದೆ.

ಹಿಡಿಕೆ ಎಳೆದ, ಬಾಗಿಲು ಬೆಣ್ಣೆಯಂತೆ ತೆರೆಯಿತು, ಇಳಿದ.

"ನಿಧಾನ ಆಯ್ತು. ಮತ್ತೆ ಕೂತ್ಕೋ."

"ಹಿಲ್ಯಾ, ನಂಗೆ ಅರವತ್ತೆರಡು."

"ನೀರಿಗೆ ಗೊತ್ತಾ ಅದು? ಕೂತ್ಕೋ."

ಇನ್ನೊಂದು ಮೂಲೆ ಎತ್ತಿದೆ. ಮತ್ತೆ ಕೂಗಿದೆ. ಕುರಿಚರ್ಮದ ಕೋಟು ಹಾಕಿಸಿ ಕೂಗಿದೆ. ಬಲಗೈ ಬಳಸಬೇಡ ಎಂದು ಕೂಗಿದೆ. ಕಣ್ಣು ಮುಚ್ಚಿಸಿ ಕೂಗಿದೆ. ಕೊನೆಗೆ ಅವನು ಹೊರಗೆ ಹಾರಿ ನೆಲದ ಮೇಲೇ ಕೂತುಬಿಟ್ಟ.

"ಸಾಕು ಮಾರಾಯ್ತಿ. ಕಡಲು ನನ್ನ ಕೊಲ್ಲೋಕ್ ಮುಂಚೆ ನೀನೇ ಕೊಲ್ತೀಯ."

ಅವನು ನಗುತ್ತಿದ್ದ. ನನಗೆ ನಗು ಬರಲಿಲ್ಲ. ಮತ್ತೊಂದು ಮೂಲೆ ಎತ್ತಲು ಜ್ಯಾಕ್ ಕೈಗೆತ್ತಿಕೊಂಡೆ. ಅವನು ಅದನ್ನು ನೋಡಿದ, ನಗು ನಿಲ್ಲಿಸಿದ.

"ಹೋಗ್ಬೇಡ ಅಂತೀಯಾ? ಬಾಯ್ಬಿಟ್ಟು ಹೇಳು. ಹೇಳಿದ್ರೆ ಹೋಗಲ್ಲ."

ಹೇಳಬಹುದಿತ್ತು. ಎರಡು ವಾರದಿಂದ ಅವನು ಕೇಳಲಿ ಎಂದೇ ಕಾದಿದ್ದೆನೇನೋ. ಅಷ್ಟರಲ್ಲಿ ಗುಡ್ಡದ ಕಡೆಯಿಂದ ಸಾಲ್ಮೆ ಅಜ್ಜಿಯ ಕೂಗು ಕೇಳಿಸಿತು. ಎಂಬತ್ತನಾಲ್ಕರ ಮುದುಕಿ, ಮಾತ್ರೆ ನುಂಗಿಕೊಂಡು ಬಂದು, ಜಾರುಬಂಡಿ ಇನ್ನೂ ಜೋರಾಗಿ ತಳ್ಳಿರೋ ಎಂದು ಯಾರಿಗೋ ಬಯ್ಯುತ್ತಿದ್ದಳು.

"ನಾಳೆ ನಾನೂ ಬರ್ತೀನಿ," ಅಂದೆ. "ಬಾಗಿಲು ಹೇಗೆ ನಡೆದುಕೊಳ್ಳುತ್ತೆ ನೋಡ್ಬೇಕು."

"ಬಾಗಿಲು ನೋಡೋಕೆ."

"ಹೌದು, ಬಾಗಿಲು ನೋಡೋಕೇ."

ಸೂಪು ಸ್ವಲ್ಪ ತಳ ಹಿಡಿದಿತ್ತು. ಇಬ್ಬರೂ ತಿಂದೆವು.

ಫೆಬ್ರವರಿ 17, ಬುಧವಾರ

ಇಷ್ಟು ವರ್ಷ ಸಂಸಾರ ಮಾಡಿದರೂ ಅವನ ಗಾಡಿಯಲ್ಲಿ ಗಡ್ಡೆ ದಾಟಿದ್ದು ಇವತ್ತೇ ಮೊದಲು. ಹಡಗು ಓಡುವಾಗ ಹಡಗಿನಲ್ಲಿ ಹೋಗುತ್ತೇನೆ, ಚಳಿಗಾಲದಲ್ಲಿ ಹೋಗುವುದಿಲ್ಲ. ಅವನು ನನ್ನನ್ನು ತನ್ನ ಕಡೆಯಿಂದ ಹತ್ತಲು ಬಿಡದೆ, ಸುತ್ತಿ ಬಂದು ಬಲಗಡೆಯ ಬಾಗಿಲು ತೆರೆದು ಹತ್ತಿಸಿದ. ಹೊರಗಿನಿಂದ ಬಾಗಿಲನ್ನು ಎರಡು ಕೈಯಲ್ಲಿ ಸ್ವಲ್ಪ ಎತ್ತಿ ಧಡ್ ಎಂದು ಹಾಕಿದ. ಮಹಾರಾಣಿಗೆ ಮರ್ಯಾದೆ ಅಂದ. ಮುಖ ಉಬ್ಬಿಸಿಕೊಂಡೇ ಕೂತೆ, ಆದರೂ ಖುಷಿಯಾಯಿತು.

ದಡ ಬಿಟ್ಟು ರೆಂಬೆಗಳ ಸಾಲು ಹಿಡಿದೆವು. ಅವನ ಮೊಣಕಾಲು ಬಾಗಿಲಿಗೆ ಒತ್ತಿಕೊಂಡಿತ್ತು, ಬಾಗಿಲು ಅರೆ ತೆರೆದಿತ್ತು, ಕೀಲು ಒಂದು ಚೂರೂ ಕಿರುಗುಟ್ಟಲಿಲ್ಲ. ಏಣು ಹತ್ತಿ ಇಳಿದೆವು, ಕಂಬ ಅಲ್ಲಾಡಲಿಲ್ಲ. ಭಲೇ ಹಿಲ್ಯಾ ಎಂದು ನನಗೆ ನಾನೇ ಹೇಳಿಕೊಂಡೆ.

ಹೊಸ ದಾರಿಯ ನಡುವೆ ಗಡ್ಡೆಯ ಮೇಲೆ ತೆಳ್ಳಗೆ ನೀರು ನಿಂತಿತ್ತು. ಸುತ್ತ ಎಲ್ಲಿ ನೋಡಿದರೂ ದಡವಿಲ್ಲ. ಆಗ ನೆನಪಾಯಿತು, ನನ್ನ ಕಡೆಯದನ್ನೂ ಅರೆ ತೆರೆದಿಟ್ಟುಕೊಳ್ಳಬೇಕು. ಹಿಡಿಕೆ ಎಳೆದೆ. ಬರಲಿಲ್ಲ. ಭುಜ ಕೊಟ್ಟು ತಳ್ಳಿದೆ. ಬಾಗಿಲು ಜಪ್ಪಯ್ಯ ಅನ್ನಲಿಲ್ಲ.

"ಅದು ಒಳಗಿಂದ ಬರಲ್ಲ," ಅಂದ ಆರ್ವೆಡ್. "ಕೀಲು ಜಗ್ಗಿ ಲಾಕಿನ ನಾಲಿಗೆ ಕಂಬಕ್ಕೆ ಕಚ್ಕೊಂಡಿದೆ. ಹೊರಗಿಂದ ಎತ್ತಿ ಎಳೀಬೇಕು."

"ಯಾವತ್ತಿಂದ?"

"ಯಾರಿಗೆ ನೆನಪಿದೆ? ಆ ಕಡೆ ಯಾವಾಗ್ಲೂ ಪಾರ್ಸಲ್ ಇಡೋದು. ಪಾರ್ಸಲ್ ಯಾವತ್ತೂ ತಾನಾಗೇ ಇಳೀಬೇಕು ಅಂದಿಲ್ಲ."

ಎರಡು ವಾರ ಆ ಗಾಡಿಯ ಪಕ್ಕದಲ್ಲಿ ಬಿದ್ದುಕೊಂಡಿದ್ದೆ. ಎರಡು ಕೂದಲೆಳೆ ಹೆಚ್ಚಾಯಿತೆಂದು ಬೆಸುಗೆ ಕಿತ್ತವಳು ನಾನು. ಆ ಕಡೆಯ ಬಾಗಿಲನ್ನು ಒಂದು ಸಲ, ಒಂದೇ ಒಂದು ಸಲ ಮುಟ್ಟಿ ನೋಡಿರಲಿಲ್ಲ. ಅಲ್ಲಿ ಯಾರಾದರೂ ಕೂತಾರು ಎಂಬ ಯೋಚನೆಯೇ ನನಗೆ ಬಂದಿರಲಿಲ್ಲ.

"ನಿಲ್ಸು!"

"ಇಲ್ಲಿ ನಿಲ್ಸೋ ಹಾಗಿಲ್ಲ, ನಿಂತ್ರೆ ಗಡ್ಡೆ ಭಾರ ತಡೆಯಲ್ಲ, ನಿಂಗೂ ಗೊತ್ತು." ಅವನ ಧ್ವನಿಯಲ್ಲಿ ತಮಾಷೆ ಇರಲಿಲ್ಲ. "ಹಿಲ್ಯಾ, ನಾನೂ ಯೋಚ್ನೆ ಮಾಡ್ಲಿಲ್ಲ. ಈ ಕಡೆ ಬಾ. ನನ್ನ ಪಕ್ಕಕ್ಕೆ."

ಆ ಗಾಡಿಯಲ್ಲಿ ಎರಡು ಸೀಟಿನ ನಡುವೆ ಎಂಜಿನ್ನಿನ ಪೆಟ್ಟಿಗೆ ಇರುತ್ತದೆ. ತೆವಳಿ ಅದರ ಮೇಲೆ ಹತ್ತಿ ಕೂತೆ. ಬಿಸಿಯಾಗಿತ್ತು. ಕೆಳಗೆ ಎಲ್ಲೋ ಗಡ್ಡೆ ಉದ್ದಕ್ಕೆ ನರಳಿತು, ಚಕ್ರದ ಸುತ್ತ ನೀರು ಚಿಮ್ಮಿತು. ಅವನು ಎಡ ಮೊಣಕಾಲಿನಿಂದ ಬಾಗಿಲನ್ನು ಇನ್ನಷ್ಟು ಹೊರಗೆ ತಳ್ಳಿ ಹಿಡಿದ. ಇಬ್ಬರು ಹೊರಬೀಳುವಷ್ಟು.

"ಏನಾದ್ರೂ ಆದ್ರೆ ಮೊದ್ಲು ನೀನು," ಅಂದ. "ನನ್ನ ಮೇಲೆ ಹತ್ಕೊಂಡು ಹೋಗು."

"ನಿನ್ನ ಹೊಟ್ಟೆ ಹತ್ತಿ ಇಳಿಯೋಷ್ಟರಲ್ಲಿ ಬೇಸಿಗೆ ಬರುತ್ತೆ. ಮೊದ್ಲು ನೀನು ಬೀಳು, ದಾರಿ ಬಿಡು."

"ಜೊತೆಗೇ ಬೀಳೋಣ ಬಿಡು."

ಅವನ ಕೋಟಿನ ಬೆಲ್ಟನ್ನು ಹಿಡಿದುಕೊಂಡೆ. ಆಚೆ ದಡ ಕಾಣುವವರೆಗೂ ಬಿಡಲಿಲ್ಲ. ಹೆದರಿದ್ದೆ, ಅದನ್ನು ಇಲ್ಲಿ ಬರೆದರೆ ತಪ್ಪೇನು. ಆದರೆ ಶನಿವಾರ ದಡದಲ್ಲಿ ನಿಂತಿದ್ದಾಗಿನ ಹೆದರಿಕೆ ಇದಕ್ಕಿಂತ ದೊಡ್ಡದಿತ್ತು.

ವಾಪಸು ಬರುವಾಗ ಟಪಾಲಿನ ಮೂಟೆಗಳನ್ನು ಬಲಗಡೆ ಸೀಟಿನ ಮೇಲೆ ಹಾಕಿದೆವು. ನಾನು ಪೆಟ್ಟಿಗೆಯ ಮೇಲೇ ಕೂತೆ. ದಡ ಹತ್ತುವಾಗ ಹೇಳಿದೆ, ನಾಳೆ ಆ ಕಡೆಯ ಬಾಗಿಲು ಬಿಚ್ಚುತ್ತೇನೆ ಎಂದು.

ಆರ್ವೆಡ್ ನಿಟ್ಟುಸಿರು ಬಿಟ್ಟ. "ಅದಕ್ಕೂ ಎರಡು ವಾರ ಬೇಕಾ?"

"ಮಧ್ಯಾಹ್ನದ ಊಟದೊಳಗೆ ಮುಗಿಯುತ್ತೆ," ಅಂದೆ. "ಶನಿವಾರ ಮತ್ತೆ ಹೋಗ್ಬೇಕಲ್ಲ ನಾವು."